ಮುಸುಕಪ್ಪನ ಪಕ್ಕೆಯ ತೇಪೆ

ಬಟ್ಟೆ ವ್ಯಾಪಾರದ ಕಣ್ಣಲ್ಲಿ ನೋಡಿದರೆ, ಬೀದಿಯವರ ಹರಿದ ಬಟ್ಟೆ ಹೊಲಿಯುವ ತೇಪೆ ಚಿಕ್ಕಮ್ಮ ಅಗಲ ಕಡಿಮೆಯ, ನೇಯ್ಗೆ ಬಿಗಿಯಾದ ಮಾಲು. ಅಗಲ ನೋಡಿ ಕೊಳ್ಳುವವನಿಗೆ ನಷ್ಟ, ಬಾಳಿಕೆ ನೋಡಿ ಕೊಳ್ಳುವವನಿಗೆ ಲಾಭ. ಒಗೆದರೆ ಬಣ್ಣ ಬಿಡುವುದಿಲ್ಲ, ಎಳೆದರೆ ಹಿಗ್ಗುವುದಿಲ್ಲ, ಇಸ್ತ್ರಿಗಂತೂ ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಅಂಚಿನಲ್ಲಿ ಸ್ವಲ್ಪ ಗರಗಸವಿದೆ, ಅದು ನಾಲಿಗೆ. ಮುಟ್ಟಿ ನೋಡುವ ಗಿರಾಕಿ ಬೆರಳು ಜೋಪಾನ ಮಾಡಿಕೊಳ್ಳಬೇಕು.

ಅವಳ ಅಂಗಡಿ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ. ಹತ್ತುವಾಗ ದೇವರನ್ನೂ ಇಳಿಯುವಾಗ ಗೋಡೆಯನ್ನೂ ನೆನೆಯಬೇಕಾದ ಮರದ ಮೆಟ್ಟಿಲು, ಬೀದಿಗೆ ಒಂದೇ ಕಿಟಕಿ, ಕಿಟಕಿಯ ಬೆಳಕಿಗೆ ಮುಖ ಮಾಡಿದ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ. ಗೋಡೆಯ ಗೂಟದಲ್ಲಿ ಗಂಡನ ಹಳೆಯ ಬೂದು ಕೋಟು. ಬೀದಿಗೆಲ್ಲ ಚಿಕ್ಕಪ್ಪನಾದ ಆ ಮನುಷ್ಯ ದೊಡ್ಡ ಹೋಟೆಲೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದವನು. ಬಾಳೆಲ್ಲ ಮೇಲೆ ಕೆಳಗೆ ಓಡಾಡಿಯೂ ಎಲ್ಲಿದ್ದನೋ ಅಲ್ಲೇ ಇದ್ದವನು. ನಿವೃತ್ತನಾದ ಮೇಲೆ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕೂತು ಹೆಂಡತಿಯ ಗಿರಾಕಿಗಳಿಗೆ ಹವಾಮಾನ ತಿಳಿಸುವುದು ಅವನ ಕೆಲಸವಾಗಿತ್ತು.

ಚಿಕ್ಕಮ್ಮನಿಗೆ ಒಂದು ನಿಯಮ. ಹರಿದ ಬಟ್ಟೆ ಅವಳ ಮೆಟ್ಟಿಲು ಹತ್ತಬಹುದು, ಇಳಿಯಬಾರದು. ಇನ್ನೊಂದು ಜಂಬ. ತಾನು ಹೊಲಿದದ್ದು ಎಲ್ಲಿ ಎಂದು ಗಿರಾಕಿ ಹುಡುಕಬೇಕು, ಸಿಗಬಾರದು. ಸಿಕ್ಕಿತೋ, ಅದು ಅವಳಿಗೆ ಎದುರಿಗೆ ನಿಂತು ಬೈದಂತೆ. ಆದರೆ ಕಾಲ ಕೆಟ್ಟಿತ್ತು. ಸಿದ್ಧ ಉಡುಪು ಅಗ್ಗವಾಗಿ, ಜನ ಗುಂಡಿ ಕಿತ್ತರೆ ಅಂಗಿಯನ್ನೇ ಎಸೆಯುವ ಶ್ರೀಮಂತಿಕೆಗೆ ಬಂದಿದ್ದರು. ಕೋಣೆಯನ್ನು ಉಳಿಸಿದ್ದು ಸಿನಿಮಾದವರ ಹೊಲಿಗೆ. ಅದನ್ನು ಹಿಡಿದುಕೊಟ್ಟವನು ಕೆಳಗಿನ ಬಟ್ಟೆ ವ್ಯಾಪಾರಿ.

ಮುಸುಕು ಹಾಕಿಕೊಂಡು ಕಟ್ಟಡದಿಂದ ಕಟ್ಟಡಕ್ಕೆ ಹಾರುವ ವೀರನೊಬ್ಬನ ಚಿತ್ರ ಅದು. ಬೀದಿಯವರು ಅವನನ್ನು ಮುಸುಕಪ್ಪ ಎಂದು ಕರೆದರು. ಅವನ ಉಡುಪಿಗೆ ಮಿರಮಿರ ಮಿಂಚುವ ನೀಲಿ ಬಟ್ಟೆ ಬೇಕೆಂದರು. ಕೆಳಗಿನವನ ಬಳಿ ಯಾರೂ ಮೂಸಿ ನೋಡದ ನೀಲಿ ಛತ್ರಿ ಬಟ್ಟೆಯ ಒಂದು ಥಾನು ಇತ್ತು. ಅದನ್ನು ಅವನು ಎಂಥ ಮಾತಿನಲ್ಲಿ ಮಾರಿದನೆಂದರೆ, ಆಮೇಲೆ ಅವನಿಗೆ ಅಡ್ಡಹೆಸರು ಹುಡುಕಲು ಬೀದಿಯವರಿಗೆ ಕಷ್ಟವಾಗಲಿಲ್ಲ. ಬಟ್ಟೆಯ ಹೆಸರೇ ಸಾಕಾಯಿತು.

ಚಿಕ್ಕಮ್ಮ ಹೊಲಿದಳು. ಚಿತ್ರ ಬಂತು. ಅದರಲ್ಲಿ ಮುಸುಕಪ್ಪನಿಗೆ ಏನೂ ಆಗುತ್ತಿರಲಿಲ್ಲ. ಗುಂಡು ತಾಗಿದರೆ ಗುಂಡೇ ನಜ್ಜುಗುಜ್ಜು. ಮಹಡಿಯಿಂದ ಬಿದ್ದರೆ ಪೆಟ್ಟು ನೆಲಕ್ಕೆ. ಬೆಂಕಿಯೊಳಗಿಂದ ಎದ್ದು ಬಂದರೂ ಬೂಟಿನ ಹೊಳಪು ಮಾಸದು. ಜನ ಒಂದು ವಾರ ನೋಡಿ, ಎರಡನೇ ವಾರ ಆಕಳಿಸಿ, ಮೂರನೇ ವಾರ ಮರೆತರು. ಚಿಕ್ಕಮ್ಮ ಮರೆಯಲೂ ಇಲ್ಲ, ಏಕೆಂದರೆ ನೋಡಲೇ ಇಲ್ಲ. ಹರಿಯದ ಬಟ್ಟೆ ಹಾಕಿಕೊಂಡವನ ಕಥೆಯಲ್ಲಿ ತನಗೇನು ಕೆಲಸ ಎಂದಳಂತೆ.

ಎರಡನೇ ಭಾಗಕ್ಕೆ ಹೊಸ ನಿರ್ದೇಶಕ ಬಂದ. ಕಡ್ಡಿಯಂಥ ಆಳು, ಬೇಸಿಗೆಯಲ್ಲೂ ಕುತ್ತಿಗೆಗೆ ಉಣ್ಣೆಯ ಪಟ್ಟಿ. ಅವನ ಬಾಯಲ್ಲಿ ಎರಡೇ ಶಬ್ದ: ಕತ್ತಲೆ ಮತ್ತು ನಿಜ. ಮೊದಲು ದೀಪಗಳನ್ನು ಆರಿಸಿದ. ಆಮೇಲೆ ಹಾಡುಗಳನ್ನು ತೆಗೆದ. ಖಳನಿಗೆ ಒಳ್ಳೊಳ್ಳೆಯ ಮಾತು ಕೊಟ್ಟ. ಕೊನೆಗೆ ನಾಯಕನ ಉಡುಪನ್ನು ಹಿಡಿದು, ಇಷ್ಟು ಹೊಡೆದಾಡಿದವನ ಬಟ್ಟೆ ಇಷ್ಟು ನೆಟ್ಟಗೆ ಇರಲು ಸಾಧ್ಯವೇ ಇಲ್ಲ ಎಂದ. ಅಷ್ಟರಮಟ್ಟಿಗೆ ಅವನು ಹೇಳಿದ್ದು ಸರಿಯೇ.

ಹೊಸ ಬಟ್ಟೆಯನ್ನು ಹಳತು ಮಾಡುವುದೇ ಉದ್ಯೋಗವಾದ ಒಬ್ಬನನ್ನು ಕರೆಸಿದರು. ಮನೆಮನೆಯಲ್ಲಿ ಮಕ್ಕಳು ಬಿಟ್ಟಿ ಮಾಡುವ ಕೆಲಸಕ್ಕೆ ಅಲ್ಲಿ ಸಂಬಳ. ಅವನು ಉಡುಪನ್ನು ಅಡುಗೆಮನೆಯ ತುರಿಮಣೆಗೆ ಉಜ್ಜಿದ, ಮೇಣದಬತ್ತಿಗೆ ಹಿಡಿದ, ಚಹಾದ ನೀರಿನಲ್ಲಿ ನೆನೆಹಾಕಿದ, ವ್ಯಾನಿನ ಹಿಂದೆ ಕಟ್ಟಿ ಎಳೆಸಿದ. ಪ್ರತಿ ಹರುಕಿಗೂ ಅವನ ಬಳಿ ಒಂದು ವಿವರಣೆ ಇತ್ತು. ಇದು ಚಾಕು, ಇದು ಮುಳ್ಳುತಂತಿ, ಇದು ದುಃಖ. ನಿರ್ದೇಶಕ ಅವನ ಬೆನ್ನು ತಟ್ಟಿದ.

ಆಗ ಒಂದು ತೊಡಕು ಕಂಡಿತು. ಎರಡು ಚಿತ್ರಗಳ ನಡುವೆ ನಾಯಕನಟ ಸುಖವಾಗಿ ಉಂಡಿದ್ದ. ಉಡುಪು ಸೊಂಟದಲ್ಲಿ ಕೂಡುತ್ತಿರಲಿಲ್ಲ. ಚಿಕ್ಕಮ್ಮನ ಹತ್ತಿರ ಕೊಟ್ಟು ಸೊಂಟ ಸರಿ ಮಾಡಿಸಿಕೊಂಡು ಬಾ ಎಂದು ನಿರ್ದೇಶಕ ಡ್ರೈವರನಿಗೆ ಹೇಳಿದ. ಡ್ರೈವರ್ ಗಾಡಿಯನ್ನು ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ್ದರಿಂದ ಗಂಟನ್ನು ಬಾಗಿಲಲ್ಲೇ ಎಸೆದು, ಬೆನ್ನು ತಿರುಗಿಸಿಕೊಂಡೇ ಹೇಳಿದ:

"ಸರಿ ಮಾಡ್ಬೇಕಂತೆ ಚಿಕ್ಕಮ್ಮ. ನಾಳೆ ಶೂಟಿಂಗು."

ಸರಿ ಮಾಡುವುದು ಎಂಬ ಮಾತಿಗೆ ಚಿಕ್ಕಮ್ಮನ ನಿಘಂಟಿನಲ್ಲಿ ಒಂದೇ ಅರ್ಥ.

ಗಂಟು ಬಿಚ್ಚಿ ನೋಡಿದಳು. ತನ್ನ ಕೈಯಾರೆ ಹೊಲಿದ ಬಟ್ಟೆ ನಾಯಿ ಬಾಯಿಗೆ ಸಿಕ್ಕಂತಾಗಿತ್ತು. ಆ ಸಿನಿಮಾದವರಿಗೆ ಹಡೆದವರು ಯಾರೂ ಇಲ್ಲವೇ, ಬಟ್ಟೆಯನ್ನು ಹೀಗೆ ನೋಡಿಕೊಳ್ಳುವುದೇ ಎಂದು ಗಂಡನಿಗೆ ಬೈದಳು. ಸಿನಿಮಾದವರು ಯಾರೂ ಹತ್ತಿರದಲ್ಲಿ ಇರಲಿಲ್ಲ. ಮೊದಲು ಚಹಾದ ಕಲೆ ತೊಳೆದು ಕಿಟಕಿಗೆ ಒಣಹಾಕಿದಳು. ಆಮೇಲೆ ಸೂಜಿ ಹಿಡಿದಳು. ಆ ನೀಲಿಗೆ ಹೊಂದುವ ದಾರ ಕೆಳಗಿನ ಅಂಗಡಿಯಲ್ಲಿ ಮುಗಿದುಹೋಗಿತ್ತು, ಬೀದಿಯಲ್ಲಿ ಬೇರೆಲ್ಲೂ ಸಿಗಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ಕಪ್ಪು ದಾರ ಹಾಕಿದಳು. ತುರಿಮಣೆ ತಿಂದ ಕಡೆ ದಾರ ನೇಯ್ದು ರಫು ಮಾಡಿದಳು. ಬಾಯಿ ಬಿಟ್ಟಿದ್ದ ಸೊಂಟದ ಹೊಲಿಗೆಗೆ ಎರಡು ಬೆರಳು ಸಡಿಲ ಕೊಟ್ಟಳು. ಉಳಿದದ್ದು ಎಡ ಪಕ್ಕೆ. ಅಲ್ಲಿ ಅಂಗೈಯಗಲ ಬಟ್ಟೆಯೇ ಇರಲಿಲ್ಲ. ಅದೇ ಆ ದುಃಖ. ಅವಳ ಕಣ್ಣು ಗೂಟದ ಕಡೆ ಹೋಯಿತು.

"ರೀ, ಈ ಕೋಟು ಇನ್ನೂ ಹಾಕ್ಕೋತೀರಾ?"

ಚಿಕ್ಕಪ್ಪ ಯೋಚಿಸಿ ಉತ್ತರ ಕೊಡುವವನು. ಅವನ ಯೋಚನೆ ಮುಗಿಯುವಷ್ಟರಲ್ಲಿ ಕತ್ತರಿ ಕೋಟಿನ ಬೆನ್ನನ್ನು ದಾಟಿತ್ತು.

ಮರುದಿನ ಅವಳನ್ನು ಗಾಡಿ ಕಳಿಸಿ ಕರೆಸಿದರು. ಶೂಟಿಂಗ್ ನಡೆಯುತ್ತಿದ್ದುದು ಒಂದು ಹಳೆಯ ಗೋದಾಮಿನಲ್ಲಿ. ನೆಲದ ತುಂಬ ವೈರು, ಮಾಡಿನ ತುಂಬ ಪಾರಿವಾಳ, ಹಲ್ಲು ಕಟಕಟ ಅನ್ನಿಸುವ ಥಂಡಿ. ಹಳತು ಮಾಡುವವನು ಒಂದು ಪೆಟ್ಟಿಗೆಯ ಮೇಲೆ ಹತ್ತಿರದವರನ್ನು ಯಾರನ್ನೋ ಕಳೆದುಕೊಂಡವನ ಹಾಗೆ ತಲೆಗೆ ಕೈ ಹೊತ್ತು ಕೂತಿದ್ದ. ನಿರ್ದೇಶಕನ ಉಣ್ಣೆಯ ಪಟ್ಟಿ ಮೊದಲ ಸಲ ಕೊರಳಿಂದ ಕೆಳಗೆ ಬಿದ್ದಿತ್ತು.

"ಏನ್ ಮಾಡಿದೀರಾ ಚಿಕ್ಕಮ್ಮ ಇದು?"

"ಸರಿ ಮಾಡ್ದೆ."

"ಸರಿ ಮಾಡಿ ಅಂದಿದ್ದು ಸೊಂಟಾನ."

"ಸೊಂಟಾನೂ ಮಾಡಿದೀನಿ. ಹಾಕಿ ನೋಡಿದ್ರಾ?"

ನಿರ್ದೇಶಕ ಕಣ್ಣು ಮುಚ್ಚಿ ತೆರೆದು, ಹರುಕು ತಾವೇ ಬೇಕೆಂದು ಮಾಡಿಸಿದ್ದೆಂದೂ, ಅದಕ್ಕಾಗಿಯೇ ಒಬ್ಬನನ್ನು ಇಟ್ಟಿದ್ದೇವೆಂದೂ ಬಿಡಿಸಿ ಹೇಳಿದ. ಚಿಕ್ಕಮ್ಮ ಪೆಟ್ಟಿಗೆಯ ಮೇಲಿನವನನ್ನು ಒಮ್ಮೆ ನೋಡಿದಳು. ಬೆಳೆದ ಮಗನನ್ನು ಹೀಗೆ ಬಿಟ್ಟವರು ಯಾರೋ ಎಂಬ ನೋಟ. ನಿರ್ದೇಶಕ ಅವಳ ಮುಂದೆ ಕತ್ತರಿ ಇಟ್ಟ. ತೇಪೆ ಬಿಚ್ಚಬೇಕು, ರಫು ಕೀಳಬೇಕು, ಹರುಕು ಹರುಕಾಗಿಯೇ ಇರಬೇಕು. ಇಲ್ಲವಾದರೆ ಅವಳಿಗೆ ಕೊಡಬೇಕೆಂದಿದ್ದ, ಚಿತ್ರದ ಕಾವಲುಗಾರ ಪಾತ್ರಗಳ ಸಮವಸ್ತ್ರವೆಲ್ಲ ಬೇರೆ ಅಂಗಡಿಗೆ ಹೋಗುತ್ತದೆ, ಮುಂದಿನ ಹೊಲಿಗೆಯೂ ಅಲ್ಲಿಗೇ.

ಅದರ ಅರ್ಥ ಚಿಕ್ಕಮ್ಮನಿಗೆ ಗೊತ್ತಿತ್ತು. ಮೇಲಿನ ಕೋಣೆಗೆ ಬೀಗ. ಯಂತ್ರ ಮನೆಯ ಅಡುಗೆಕೋಣೆಗೆ. ಉಳಿದ ಬಾಳೆಲ್ಲ ಒಗ್ಗರಣೆಯ ಘಾಟಿನಲ್ಲಿ ಸೂಜಿಗೆ ದಾರ ಪೋಣಿಸುವುದು, ಹಿಂದೆ ಕುರ್ಚಿಯಲ್ಲಿ ಗಂಡನ ಹವಾಮಾನ. ಅವಳು ಕತ್ತರಿಯನ್ನು ಕೈಗೆ ತೆಗೆದುಕೊಂಡಳು. ನಿಜ ಹೇಳಬೇಕೆಂದರೆ ಆ ಕಪ್ಪು ದಾರ ಅವಳ ಕಣ್ಣಿಗೂ ಚುಚ್ಚುತ್ತಿತ್ತು. ಅಷ್ಟು ಕೆಟ್ಟದಾಗಿ ಕಾಣುವ ಹೊಲಿಗೆಯನ್ನು ಅವಳು ಜನ್ಮದಲ್ಲಿ ಹೊರಗೆ ಬಿಟ್ಟಿರಲಿಲ್ಲ. ಕೊನೆಗೆ ಕತ್ತರಿಯನ್ನು ಕೆಳಗಿಟ್ಟಳು.

"ನೀಲಿ ದಾರ ತರ್ಸ್ಕೊಡಿ, ಬಿಚ್ಚಿ ಮತ್ತೆ ಹೊಲೀತೀನಿ. ಬಿಚ್ಚಿ ಹಾಗೇ ಬಿಡು ಅಂದ್ರೆ ನನ್ನ ಕೈಲಾಗಲ್ಲ. ಬೇರೆಯವ್ರಿಗೆ ಕೊಡಿ."

ಮಾತು ಮುಗಿಯಿತು, ಕೋಣೆಯೂ ಹೋಯಿತು ಅಂದುಕೊಂಡು ಅವಳು ಚೀಲ ಎತ್ತಿಕೊಂಡಳು. ಅಷ್ಟರಲ್ಲಿ ನಾಯಕನಟ ಪರದೆಯ ಹಿಂದಿನಿಂದ ಬಂದ. ಥಂಡಿ ತಡೆಯಲಾರದೆ ಉಡುಪನ್ನು ಹಾಕಿಕೊಂಡಿದ್ದ. ತಿಂಗಳ ಮೇಲೆ ಮೊದಲ ಸಲ ಅದರಲ್ಲಿ ಉಸಿರಾಡಲು ಆಗುತ್ತಿದೆ ಎಂದು ಹೇಳಲು ಬಂದವನು, ಅಲ್ಲಿಯ ಮುಖಗಳನ್ನು ನೋಡಿ ಪರದೆಯ ಪಕ್ಕದಲ್ಲೇ ನಿಂತ. ಚಿಕ್ಕಮ್ಮ ಅವನ ಮುಖ ನೋಡಲಿಲ್ಲ. ಅವಳ ಕಣ್ಣು ಎಡ ಪಕ್ಕೆಗೆ ಹೋಯಿತು. ತೇಪೆಯ ಮೂಲೆಯಲ್ಲಿ ಕಪ್ಪು ದಾರದ ಒಂದು ತುದಿ ನೇತಾಡುತ್ತಿತ್ತು.

"ಕೈ ಎತ್ತಪ್ಪ," ಎಂದಳು.

ಊರನ್ನೆಲ್ಲ ಕಾಯುವ ವೀರ ಶಾಲೆಯ ಹುಡುಗನ ಹಾಗೆ ಕೈ ಎತ್ತಿ ನಿಂತ. ಚಿಕ್ಕಮ್ಮ ಬಗ್ಗಿ ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿ, ತೇಪೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಮೆಟ್ಟಿಲಿಳಿಯುವ ಪ್ರತಿ ಗಿರಾಕಿಗೂ ಹೇಳುವ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂತು.

"ಹರಿದ್ರೆ ಹರೀಲಿ. ಬಿಸಾಡ್ಬೇಡ, ತಗೊಂಡ್ ಬಾ."

ನಟ ಎತ್ತಿದ ಕೈಯನ್ನು ಇಳಿಸಿರಲಿಲ್ಲ. ನಿರ್ದೇಶಕ ಬಿದ್ದ ಪಟ್ಟಿಯನ್ನು ಎತ್ತಿಕೊಂಡು, ಬಹಳ ಮೆತ್ತಗೆ, ಅದನ್ನು ಇನ್ನೊಮ್ಮೆ ಮಾಡಿ ತೋರಿಸುತ್ತೀರಾ ಎಂದು ಕೇಳಿದ. ಆಗಲ್ಲ, ಕಡಿಯಲು ದಾರ ಉಳಿದಿಲ್ಲವಲ್ಲ ಎಂದು ಚಿಕ್ಕಮ್ಮ ಹೊರಟೇಬಿಟ್ಟಳು. ಸಮವಸ್ತ್ರದ ಬಟ್ಟೆ ಮಾರನೆಯ ಬೆಳಿಗ್ಗೆ ಅವಳ ಮೆಟ್ಟಿಲು ಹತ್ತಿ ಬಂತು. ಯಾಕೆಂದು ಅವಳು ಕೇಳಲಿಲ್ಲ. ಕೊಟ್ಟ ಕೆಲಸಕ್ಕೆ ಕಾರಣ ಕೇಳಿ ಕೆಡಿಸಿಕೊಳ್ಳುವಷ್ಟು ದಡ್ಡಿಯಲ್ಲ.

ಅಲ್ಲಿಯವರೆಗೆ ಮುಸುಕಪ್ಪನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಎರಡನೇ ಭಾಗದಲ್ಲಿ ಅವನಿಗೊಬ್ಬಳು ಚಿಕ್ಕಮ್ಮ ಹುಟ್ಟಿಕೊಂಡಳು. ಊರು ಅವನಿಗೆ ಉಗಿಯುತ್ತದೆ, ಗೆಳೆಯನನ್ನು ಉಳಿಸಿಕೊಳ್ಳಲು ಅವನಿಗೆ ಆಗುವುದಿಲ್ಲ, ಖಳ ಹೇಳುವುದೆಲ್ಲ ಅರ್ಧಕ್ಕರ್ಧ ನಿಜ. ಪೆಟ್ಟು ತಿಂದು ಮನೆಗೆ ಬಂದವನಿಗೆ ಅವಳು ಏನೂ ಕೇಳುವುದಿಲ್ಲ, ಕೈ ಎತ್ತಪ್ಪ ಅನ್ನುತ್ತಾಳೆ. ಕೊನೆಯ ಸಲ ಹೊರಡುವಾಗ, ಹರಿದರೆ ತಗೊಂಡು ಬಾ ಅನ್ನುತ್ತಾಳೆ. ಚಿತ್ರ ಮುಗಿಯುವುದು ಅವಳ ಮೇಜಿನ ಮೇಲೆ. ಹರಿದ ಉಡುಪು ಅಲ್ಲಿದೆ. ಅವನೇ ತಂದನೋ, ಬೇರೆ ಯಾರೋ ತಂದುಕೊಟ್ಟರೋ, ಹೇಳುವುದಿಲ್ಲ.

ಜನ ಮುಗಿಬಿದ್ದರು. ನೋಡಿದವರು ಬಾಗಿಲಲ್ಲಿ ನಿಂತು ಜಗಳವಾಡಿ, ಇತ್ಯರ್ಥಕ್ಕೆಂದು ಮತ್ತೆ ಒಳಗೆ ಹೋದರು. ಯಾಕೆ ಗೆದ್ದಿತು ಎಂದು ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಲೇಖನಗಳು ಬಂದವು. ಒಬ್ಬರು ಕತ್ತಲೆ ಎಂದರು, ಒಬ್ಬರು ಖಳನ ತತ್ವ ಎಂದರು, ಒಬ್ಬರು ಕಾಲದ ಆತಂಕ ಎಂದರು. ಮೊದಲನೆಯದು ಅಷ್ಟು ಕೆಟ್ಟದಾಗಿತ್ತು, ಎರಡನೆಯದು ಹೇಗಿದ್ದರೂ ಗೆಲ್ಲುತ್ತಿತ್ತು ಎಂದು ಚಹಾದಂಗಡಿಯವನು ಎಂದ. ಕೆಳಗಿನ ವ್ಯಾಪಾರಿಯ ಅಭಿಪ್ರಾಯ ಬೇರೆ. ಹರಿಯದ ಬಟ್ಟೆಯನ್ನು ಯಾರೂ ನಂಬುವುದಿಲ್ಲ, ಎಷ್ಟು ಹೊಳೆದರೂ. ಹರಿದಾಗ ಯಾರ ಹತ್ತಿರ ಹೋಗಬೇಕೆಂದು ಗೊತ್ತಿರುವ ಬಟ್ಟೆಯನ್ನು ನಂಬುತ್ತಾರೆ.

ಚಿಕ್ಕಮ್ಮನನ್ನು ಗಂಡ ಬಲವಂತ ಮಾಡಿ ಕರೆದುಕೊಂಡು ಹೋದ. ಕತ್ತಲೆ ಎಂದರೆ ಮಲಗುವುದಕ್ಕೆ ಎಂದು ನಂಬಿದವಳು ಮೊದಲ ಹೊಡೆದಾಟದಲ್ಲೇ ನಿದ್ದೆಹೋದಳು. ಚಿಕ್ಕಪ್ಪ ಎದ್ದಿದ್ದ. ತೆರೆಯ ಮೇಲೆ ಪಕ್ಕೆ ಕಂಡಾಗಲೆಲ್ಲ ಅಕ್ಕಪಕ್ಕದವರಿಗೆ ಕೇಳುವಂತೆ "ನನ್ನ ಕೋಟು" ಎಂದ. ಮುಸುಕಪ್ಪ ಮಹಡಿಯಿಂದ ಧುಮುಕಿದಾಗ "ನನ್ನ ಕೋಟು ಕೆಳಗೆ ಹೋಗ್ತಾ ಇದೆ" ಎಂದ, ಹಗ್ಗ ಹಿಡಿದು ಏರಿದಾಗ "ಮೇಲೆ" ಎಂದ. ಮುಂದಿನ ಸಾಲಿನವರು ತಿರುಗಿ ಬೈದರು. ಕೊನೆಯ ದೃಶ್ಯಕ್ಕೆ ಹೆಂಡತಿಯನ್ನು ಎಬ್ಬಿಸಿ, ಬಟ್ಟೆ ತಂದವರು ಯಾರು ಹೇಳು ಎಂದು ಕೇಳಿದ.

"ಅವ್ನೇ ತಂದಿರೋದು," ಎಂದಳು ಚಿಕ್ಕಮ್ಮ, ಕಣ್ಣುಜ್ಜಿಕೊಳ್ಳುತ್ತ. "ಬೇರೆಯವ್ರಾಗಿದ್ರೆ ಒಗೆದು ತರ್ತಿದ್ರು."

ಚಿತ್ರ ಯಾಕೆ ಗೆದ್ದಿತೆಂದು ಅವಳನ್ನೂ ಕೇಳಿದವರುಂಟು. ಸೊಂಟ ಸರಿಯಾಗಿ ಕೂತಿತ್ತು, ಅದಕ್ಕೆ ಎನ್ನುತ್ತಾಳೆ. ಈಗಲೂ ಅವಳ ನಿಲುವು ಅದೇ.

ಆಮೇಲೆ ಅವಳ ಮೆಟ್ಟಿಲಿಗೆ ಬಿಡುವಿಲ್ಲವಾಯಿತು. ಹರಿದದ್ದನ್ನು ಎಸೆಯುತ್ತಿದ್ದವರು ಹೊತ್ತು ತಂದರು, ತೇಪೆ ಎದ್ದು ಕಾಣಬೇಕು, ಕಪ್ಪು ದಾರವೇ ಬೇಕು ಎಂದರು. ತನ್ನ ಬಾಳಿನ ಅತಿ ಕೆಟ್ಟ ಹೊಲಿಗೆಗೆ ತನಗೆ ಹೆಸರು ಬಂದದ್ದು ಚಿಕ್ಕಮ್ಮನಿಗೆ ಇಂದಿಗೂ ನುಂಗಲಾರದ ತುತ್ತು. ಹ್ಞೂಂ ಎನ್ನುತ್ತಾಳೆ, ಕಾಣದ ಹಾಗೇ ಹೊಲಿದು ಕೊಡುತ್ತಾಳೆ.

ಮೂರನೇ ಭಾಗಕ್ಕೆ ಸಿನಿಮಾದವರು ಹೊಚ್ಚಹೊಸ ಉಡುಪಿನ ಬಟ್ಟೆ ಹೊತ್ತು ಬಂದು, ಅದರ ಮೇಲೆ ಹನ್ನೆರಡು ತೇಪೆ ಹಾಕಿಕೊಡಿ ಎಂದರು. ಎಲ್ಲಿ ಹರಿದಿದೆ ತೋರಿಸಿ ಎಂದಳು. ಹರಿದಿಲ್ಲ, ಸುಮ್ಮನೆ ತೇಪೆ ಎಂದರು. ಗಾಯ ಇಲ್ಲದೆ ಪಟ್ಟಿ ಕಟ್ಟುವ ಡಾಕ್ಟರು ಬೇರೆ ಬೀದಿಯಲ್ಲಿದ್ದಾರೆ ಎಂದು ಮೆಟ್ಟಿಲು ತೋರಿಸಿದಳು. ಅದನ್ನು ಎಲ್ಲೋ ಹೊಲಿಸಿದರು. ಆ ಚಿತ್ರ ಬಂದದ್ದೂ ಹೋದದ್ದೂ ಬೀದಿಯ ನಾಯಿಗೂ ತಿಳಿಯಲಿಲ್ಲ.

ಇತ್ತೀಚೆಗೆ ಕೆಳಗಿನ ವ್ಯಾಪಾರಿ ಬಟ್ಟೆ ಕಟ್ಟಿಕೊಡುವಾಗ ಪ್ರತಿ ಗಿರಾಕಿಗೂ ಒಂದು ಮಾತು ಹೇಳುತ್ತಾನೆ: ಹರಿದರೆ ತಗೊಂಡು ಬನ್ನಿ, ಮೇಲೆ ಚಿಕ್ಕಮ್ಮ ಇದ್ದಾಳೆ. ಅಷ್ಟು ಕೇಳಿದ ಮೇಲೆ ಜನ ಬೆಲೆಗೆ ಕೊಸರಾಡುವುದನ್ನು ಬಿಟ್ಟಿದ್ದಾರೆ. ಆ ಮಾತು ಅವನದಲ್ಲ, ಅವಳದು. ಅವನು, ಅಂದರೆ ಇದನ್ನು ಬರೆಯುತ್ತಿರುವವನು, ಅವಳನ್ನು ಕೇಳದೆಯೇ ಅದನ್ನು ಬಳಸುತ್ತಿದ್ದಾನೆ. ಅಂಗಡಿ ನಡೆಯುತ್ತಿರುವುದು ಆ ಮಾತಿನಿಂದ. ಅದಕ್ಕೆ ಅವನು ಅವಳಿಗೆ ಋಣಿ.