ದೋಣಿಯ ಇನ್ನೊಂದು ಸೀಟು

ಸಿಡ್ನಿಯ ಹೊರವಲಯದ ಟೂಂಗಾಬಿಯಲ್ಲಿ ನಮ್ಮ ಬಾಡಿಗೆ ಮನೆಯ ಕಾರ್‌ಪೋರ್ಟಿನಲ್ಲಿ ಕಾರು ನಿಲ್ಲುತ್ತಿರಲಿಲ್ಲ, ದೋಣಿ ನಿಲ್ಲುತ್ತಿತ್ತು. ನಮ್ಮಿಬ್ಬರ ಕಾರುಗಳು ರಸ್ತೆಯಲ್ಲಿ ಬಿಸಿಲು ಕಾಯುತ್ತಿದ್ದವು. ದೋಣಿ ಅಂದರೆ ದೊಡ್ಡದೇನಲ್ಲ, ಇಬ್ಬರು ಕೂರುವಂಥ ಅಲ್ಯುಮಿನಿಯಂ ತಗಡಿನದು, ಇಲ್ಲಿಯವರ ಬಾಯಲ್ಲಿ ಟಿನ್ನಿ. ಅದು ನನ್ನದಲ್ಲ, ಮನೆ ಹಂಚಿಕೊಂಡಿದ್ದ ಗೆಳೆಯನದು. ಅವನು ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ ಮನೆಯವನು, ಅಕ್ಷರ ಕಲಿಯುವ ಮೊದಲೇ ಮೀನಿನ ಮುಳ್ಳು ಬಿಡಿಸಲು ಕಲಿತವನು. ನಾನು ಬೆಂಗಳೂರಿನವನು. ಮೀನು ಎಂದರೆ ಲಾಲ್‌ಬಾಗ್ ಕೆರೆಗೆ ಕಡ್ಲೆಪುರಿ ಎಸೆದಾಗ ಬಾಯಿ ತೆರೆಯುವ ಪ್ರಾಣಿ ಎಂದುಕೊಂಡಿದ್ದವನು.

ಫೋನುಗಳಿಗೆ ಇನ್ನೂ ಬಟನ್ ಇದ್ದ ಕಾಲ. ಇಬ್ಬರಿಗೂ ಮ್ಯಾಕ್ವೆರಿ ಪಾರ್ಕಿನ ಆಫೀಸುಗಳಲ್ಲಿ ಕೆಲಸ. ವಾರವೆಲ್ಲ ನಾನು ಹೆಲ್ಪ್‌ಡೆಸ್ಕಿನಲ್ಲಿ ಕೂತು ಬೇರೆಯವರ ಪಾಸ್‌ವರ್ಡ್ ಬಿಡಿಸುತ್ತಿದ್ದೆ, ಭಾನುವಾರ ಅವನ ದೋಣಿಯಲ್ಲಿ ಕೂತು ನನ್ನದೇ ದಾರದ ಗಂಟು ಬಿಡಿಸುತ್ತಿದ್ದೆ. ಉಳಿದ ಹೊತ್ತಿನಲ್ಲಿ ಎಲ್ಲರ ದನಿ ತೆಗೆದು ಅಣಕಿಸುತ್ತಿದ್ದೆ. ನನ್ನ ಮ್ಯಾನೇಜರ್ ಮೂಗಿನಲ್ಲಿ 'ನೋ ವರೀಸ್' ಅನ್ನುವುದು, ಇಂಡಿಯನ್ ಅಂಗಡಿಯ ಆಂಟಿ ಕೊತ್ತಂಬರಿಗೆ ಬೈಯುವುದು, ಗೆಳೆಯನ 'ಎಂತ ಮಾರಾಯ', ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ನನ್ನದೇ ದನಿ ಯಾವುದು ಎಂದು ಕೇಳಿದರೆ, ಅದಕ್ಕೆ ಇಲ್ಲಿ ಕಾಯಂ ನೆಲೆಸುವ ಪಿಆರ್ ಇನ್ನೂ ಸಿಕ್ಕಿಲ್ಲ ಎನ್ನುತ್ತಿದ್ದೆ.

ನೆಪಿಯನ್ ನದಿಯಲ್ಲಿ ಬಾಸ್ ಎಂಬ ಮೀನಿದೆ. ಬಾಗಿದ ಮರಗಳ ನೆರಳಿನಲ್ಲಿ ಅವಿತಿದ್ದು, ನೀರಿಗೆ ಬಿದ್ದ ಜೀರುಂಡೆಯನ್ನು ಕಪಾಳಕ್ಕೆ ಹೊಡೆದಂತೆ ನುಂಗುತ್ತದೆ. ಅದನ್ನು ಹಿಡಿಯುವುದಕ್ಕೆ ಟೂರ್ನಮೆಂಟ್‌ಗಳಿದ್ದವು. ಹಿಡಿದು, ಜೀವಂತ ತೂಗಿ, ಮತ್ತೆ ನದಿಗೇ ಬಿಡಬೇಕು. ಸತ್ತ ಮೀನು ತಂದರೆ ಅಂಕ ಕಡಿತ.

"ಇದನ್ನು ಊರಲ್ಲಿ ಹೇಳಿದ್ರೆ ನನ್ನ ಅಮ್ಮ ಪಾದ್ರಿಯನ್ನು ಕರೆಸ್ತಾರೆ" ಎನ್ನುತ್ತಿದ್ದ ಗೆಳೆಯ. "ಇಷ್ಟು ದೊಡ್ಡ ಮೀನು, ಕೈಯಲ್ಲಿ ಹಿಡ್ಕೊಂಡು, ಸಾರಿ ಹೇಳಿ ಬಿಡುದು!"

ಆದರೂ ಬಿಡುತ್ತಿದ್ದ. ವರ್ಷದ ಕೊನೆಯದು 'ಪೇರ್ಸ್', ಅಂದರೆ ಜೋಡಿ ಟೂರ್ನಮೆಂಟ್, ಒಂದು ದೋಣಿಗೆ ಇಬ್ಬರು. ನಾವಿಬ್ಬರು ಜೋಡಿಯಾಗಿ ಎರಡು ಸಲ ಹೋಗಿ ಎರಡೂ ಸಲ ಬಾಲದ ಕಡೆ ಉಳಿದಿದ್ದೆವು. ಅದಕ್ಕೆ ನನಗೆ ಬೇಸರವೇನೂ ಇರಲಿಲ್ಲ. ಆ ದೋಣಿಯ ಇನ್ನೊಂದು ಸೀಟು ನನ್ನದು ಎನ್ನುವುದೇ ನನಗೆ ಪ್ರೈಜು.

ಮೂರನೆಯ ವರ್ಷ ಅವನಿಗೆ ಮೆಲ್ಬರ್ನಿನಲ್ಲಿ ಕಾಂಟ್ರಾಕ್ಟ್ ಸಿಕ್ಕಿತು. ಹೊರಡುವಾಗ ಟಿನ್ನಿಯ ಬೆನ್ನು ತಟ್ಟಿ, "ಬೋಟ್ ಇಲ್ಲೇ ಇರ್ಲಿ. ಪೇರ್ಸಿಗೆ ಬರ್ತೇನೆ. ನೀನು, ನಾನು" ಎಂದ. ನಾನು ಮದುವೆಯ ದಿನ ಗೊತ್ತಾದವನ ಹಾಗೆ ತಲೆಯಾಡಿಸಿದೆ.

ಮೆಲ್ಬರ್ನಿನ ಅಂಚಿನ ವೆರಿಬೀಯಲ್ಲಿ ಅವನಿಗೆ ರೂಮು ಸಿಕ್ಕಿದ್ದು ಉಡುಪಿಯವರೊಬ್ಬರ ಮನೆಯಲ್ಲಿ. ನಮಗಿಂತ ಹತ್ತು ವರ್ಷ ದೊಡ್ಡವರು, ಒಂಟಿ, ಯಾವುದೋ ಲ್ಯಾಬಿನಲ್ಲಿ ಕೆಲಸ. ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಯುರಿ.

"ಇಲ್ಲಿ ಒಬ್ರು ಇದ್ದಾರೆ ಮಾರಾಯ" ಎಂದ ಫೋನಿನಲ್ಲಿ. "ಪಕ್ಕಾ ಸಸ್ಯಾಹಾರಿ. ಬೆಳ್ಳುಳ್ಳಿ ಸಹ ತಿನ್ನುದಿಲ್ಲ. ಆದ್ರೆ ಗಾಳ ಹಾಕಿದ್ರೆ ಮೀನು ಹುಡುಕ್ಕೊಂಡು ಬರ್ತದೆ!"

"ಬರದೆ ಏನು ಗುರು? ತಿನ್ನದೇ ಇರೋ ಮನೆಗೆ ಮೀನು ಧೈರ್ಯವಾಗೇ ಬರುತ್ತೆ."

ಅವನು ನಕ್ಕ. ಮುಂದಿನ ವಾರ ಮತ್ತೆ ಅವರೇ. ಅವರ ಗಂಟು ಹೀಗೆ, ಅವರು ನೀರು ನೋಡುವ ರೀತಿ ಹಾಗೆ. ಸಿಡ್ನಿಯ ಹವೆ ಕೇಳಿದರೆ ಉಡುಪಿಯವರ ಸುದ್ದಿ, ರೆಂಟಿನ ವಿಷಯ ಎತ್ತಿದರೆ ಉಡುಪಿಯವರ ಸುದ್ದಿ. ನಾನು ಉಪ್ಪಿಟ್ಟು ಮಾಡಿದೆ ಎಂದರೆ, "ಅವರು ಅವಲಕ್ಕಿ ಒಗ್ಗರಣೆ ಮಾಡುದು ನೋಡ್ಬೇಕು ನೀನು." ಹೆಂಡತಿಯ ಮುಂದೆ ಪಕ್ಕದ ಮನೆಯವಳನ್ನು ಹೊಗಳುವವನಿಗಾದರೂ ಇಷ್ಟು ಧೈರ್ಯ ಇರುವುದಿಲ್ಲ.

ಒಂದು ಲಾಂಗ್ ವೀಕೆಂಡಿಗೆ ಟಿಕೆಟ್ ಬುಕ್ ಮಾಡಿ ಮೆಲ್ಬರ್ನಿಗೆ ಹೋದೆ. ಗೆಳೆಯನನ್ನು ನೋಡಲು ಎಂದು ಹೇಳಿಕೊಂಡೆ. ನೋಡಬೇಕಿದ್ದದ್ದು ಇನ್ನೊಬ್ಬರನ್ನು.

ದಪ್ಪ ಕನ್ನಡಕ, ತೊಳೆದಿಟ್ಟಂಥ ಮುಖ, ನಾಲ್ಕು ಮಾತಿಗೆ ಒಂದು ಉತ್ತರ. ವೆರಿಬೀ ನದಿಯ ದಂಡೆಯಲ್ಲಿ ಅವರು ಮಾಡಿದ ಮೊದಲ ಕೆಲಸ, ತಂತಿ ಕತ್ತರಿಸುವ ಇಕ್ಕಳ ತೆಗೆದು ಲ್ಯೂರಿನ ಕೊಕ್ಕೆಗಳನ್ನೆಲ್ಲ ಚಕ್ ಚಕ್ ಎಂದು ಕತ್ತರಿಸಿ ಹಾಕಿದ್ದು. ಲ್ಯೂರ್ ಎಂದರೆ ಹುಳುವಿನ ವೇಷ ಹಾಕಿದ ಪ್ಲಾಸ್ಟಿಕ್ಕು. ಅದರ ಹೊಟ್ಟೆಯ ಕೆಳಗೆ ಕೊಕ್ಕೆ ಇಲ್ಲದಿದ್ದರೆ ಮೀನು ಕಚ್ಚಬಹುದು, ಸಿಕ್ಕಿಕೊಳ್ಳುವುದಿಲ್ಲ.

"ಇದೇನ್ ಸರ್, ಹಲ್ಲು ಕಿತ್ತ ಹಾವು?"

"ಪ್ರಾಕ್ಟೀಸ್ ಅಲ್ವಾ ಮಾರಾಯ್ರೆ. ಇವತ್ತು ಚುಚ್ಚಿಸ್ಕೊಂಡ ಮೀನು ನಾಳೆ ಬಾಯಿ ತೆರೆಯುದಿಲ್ಲ. ಬಂದು ಒಂದು ಸಲ ತಟ್ಟಿದ್ರೆ ಸಾಕು, ಇಲ್ಲಿ ಜನ ಇದ್ದಾರೆ ಅಂತ ಗೊತ್ತಾಗ್ತದೆ. ಸುಮ್ನೆ ಮುಂದೆ ಹೋಗುದು."

"ಅಂದ್ರೆ ಕಾಲಿಂಗ್ ಬೆಲ್ ಒತ್ತಿ ಓಡಿಹೋಗೋದು."

"ಹಾಂ, ಹಾಗೇ" ಎಂದರು, ಚೂರೂ ನಗದೆ. "ನನಗೆ ಟೂರ್ನಮೆಂಟಿಗಿಂತ ಇದೇ ಇಷ್ಟ. ಅದಕ್ಕೂ ನೋವಿಲ್ಲ, ನಮಗೂ ಪಾಪ ಇಲ್ಲ."

ಲ್ಯೂರಿಗೆ ಬೇರೆಯವರೆಲ್ಲ ಬೆಳ್ಳುಳ್ಳಿ ವಾಸನೆಯ ಅಂಟು ಹಚ್ಚುತ್ತಿದ್ದರೆ, ಇವರು ಬೆಳ್ಳುಳ್ಳಿ ಮುಟ್ಟದವರಾದ್ದರಿಂದ ನೀರಿನಲ್ಲಿ ಕದಡಿದ ಇಂಗು ಸವರುತ್ತಿದ್ದರು. ಮೀನು ಬಂದು ತಟ್ಟಿತು, ಮತ್ತೆ ತಟ್ಟಿತು. ಪ್ರತಿ ಸಲವೂ ಅವರು ಮೆಲ್ಲಗೆ "ಬತ್ತ್ಂಡ್" ಎನ್ನುವರು, ನನ್ನ ಗೆಳೆಯ "ಬತ್ತ್ಂಡಾ?" ಎಂದು ಕಣ್ಣರಳಿಸುವನು. ಬಂತು ಎನ್ನುವುದಕ್ಕೂ ತುಳು! ಇಷ್ಟು ವರ್ಷ ನನ್ನೊಡನೆ ಒಂದು ಪದ ತುಳು ಆಡಿರಲಿಲ್ಲ ಅವನು. ಆಡಿದ್ದರೂ ನನಗೆ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು. ನಾನು ಅವರಿಬ್ಬರ ಹಿಂದೆ ನಿಂತು, ಮಕ್ಕಳ ಎದುರು ಗುಟ್ಟು ಮಾತಾಡುವ ಅಪ್ಪ ಅಮ್ಮನನ್ನು ನೋಡುವಂತೆ ನೋಡುತ್ತಿದ್ದೆ.

ಸುಮ್ಮನಿರಲಾಗಲಿಲ್ಲ. ಮ್ಯಾನೇಜರ್ ಮೀನು ಹಿಡಿದರೆ ಹೇಗೆ ಎಂದು ಮಾಡಿ ತೋರಿಸಿದೆ. ಅಂಗಡಿಯ ಆಂಟಿ ಮೀನಿಗೆ ಬೈದರೆ ಹೇಗೆ ಎಂದು ತೋರಿಸಿದೆ. ಜೀರುಂಡೆಯ ಕಿರ್ರೋ ಶಬ್ದ ಮಾಡಿದೆ. ಗೆಳೆಯ ನಕ್ಕೂ ನಕ್ಕೂ ಕೂತೇಬಿಟ್ಟ. ಆ ನಗುವಿನಲ್ಲಿ ಅವನ ಲ್ಯೂರಿಗೆ ಎರಡು ಸಲ ಮೀನು ತಟ್ಟಿಹೋದದ್ದು ಅವನಿಗೆ ತಿಳಿಯಲಿಲ್ಲ, ಉಡುಪಿಯವರಿಗೆ ತಿಳಿಯಿತು. ಉಡುಪಿಯವರದೇ ದನಿ ತೆಗೆಯಲು ನೋಡಿದೆ. ಬರಲಿಲ್ಲ. ನನಗೆ ಹಾಗೆ ಆದದ್ದು ಅದೇ ಮೊದಲು. ಯಾರನ್ನಾದರೂ ಅಣಕಿಸಲು ಅವರ ಮೇಲೆ ಒಂದಿಷ್ಟು ಪ್ರೀತಿಯೂ ಬೇಕು, ನನ್ನ ಹತ್ತಿರ ಅವರಿಗೆಂದು ಅದು ಸಾಸಿವೆಯಷ್ಟೂ ಇರಲಿಲ್ಲ.

ಅಂದು ಸಂಜೆ ಅವರ ಮನೆಯ ಮುಂದೆ ಗೆಳೆಯ ನನ್ನನ್ನು ಪಕ್ಕಕ್ಕೆ ಕರೆದ.

"ಬೇಜಾರು ಮಾಡ್ಬೇಡ. ಪೇರ್ಸಿಗೆ ನಾನು ಅವರನ್ನು ಕರ್ಕೊಂಡು ಬರುವ ಅಂತ."

"ಬೋಟ್ ನನ್ನ ಕಾರ್‌ಪೋರ್ಟಲ್ಲಿದೆ."

"ಬೋಟ್ ನಂದು."

"ಕಾರ್‌ಪೋರ್ಟ್ ನಂದು ಅಂದೆ."

"ಒಂದು ಸಲ ಆದ್ರೂ ಗೆಲ್ಬೇಕು ಅಂತ ಆಸೆ ಮಾರಾಯ. ನಿನ್ನ ಜೊತೆ ಕೂತ್ರೆ ನಗು ಬರ್ತದೆ, ಮೀನು ಬರುದಿಲ್ಲ."

ಅದು ಸುಳ್ಳಲ್ಲ. ಅದಕ್ಕೇ ಸಿಟ್ಟು ಬಂತು. "ಅಯ್ಯೋ, ನನಗೂ ಬೇರೆಯವರು ಕೇಳ್ತಾನೇ ಇದ್ದಾರೆ ಬಿಡು" ಎಂದೆ. ಯಾರೂ ಕೇಳಿರಲಿಲ್ಲ.

ಸಿಡ್ನಿಗೆ ಬಂದು ಟೂರ್ನಮೆಂಟ್ ನಡೆಸುವವರಿಗೆ ಫೋನ್ ಮಾಡಿದಾಗ, ಜೋಡಿ ಸಿಗದೆ ಉಳಿದವರು ಒಬ್ಬರೇ ಎಂದರು. ಪೆನ್‌ರಿತ್ ಕಡೆಯ ಮುದುಕರು, ನಿವೃತ್ತ ಕೊಳಾಯಿ ಕೆಲಸದವರು, ಸ್ವಂತ ದೋಣಿ ಇದೆ, ಕಿವಿ ಮಾತ್ರ ಕಿವುಡು, ಅರಚಿದರಷ್ಟೇ ಕೇಳುತ್ತದೆ. ಹೀಗೆ ನಾಡಿನ ದನಿಗಳನ್ನೆಲ್ಲ ಗಂಟಲಲ್ಲಿ ತುಂಬಿಕೊಂಡವನು ಯಾವ ದನಿಯೂ ಕೇಳದವರ ದೋಣಿ ಹತ್ತಿದೆ.

ಟೂರ್ನಮೆಂಟ್ ಭಾನುವಾರ. ಶುಕ್ರವಾರ ರಾತ್ರಿ ಮೆಲ್ಬರ್ನಿನ ಜೋಡಿ ಕಾರಿನಲ್ಲಿ ನನ್ನ ಮನೆಗೇ ಬಂದಿಳಿಯಿತು. ಉಡುಪಿಯವರು ಸ್ನಾನ ಮಾಡಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮೀನು ಕಾಣದ ಪಾತ್ರೆ ಯಾವುದುಂಟು?" ಎಂದು ಕೇಳಿದರು.

"ಟೀ ಕೆಟಲ್ ಸರ್. ಅದರ ಮೇಲೂ ನಂಗೆ ಅನುಮಾನವೇ."

ಅವರು ತಾವೇ ತಂದಿದ್ದ ಪುಟ್ಟ ಪಾತ್ರೆಯಲ್ಲಿ ಸಾರು ಮಾಡಿದರು. ಸಾರು ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡು, ಉಪ್ಪು ಮುಂದು ಎಂದೆ.

ಶನಿವಾರ ಎಲ್ಲರಿಗೂ ಪ್ರಾಕ್ಟೀಸ್. ಅವರದು ಅವರ ದೋಣಿ, ನಮ್ಮದು ನಮ್ಮ ದೋಣಿ. ವೆರಿಬೀಯಲ್ಲಿ ನೋಡಿದ ವಿದ್ಯೆಯನ್ನು ನಾನೂ ಮಾಡಿದೆ: ನನ್ನ ಜೀರುಂಡೆ ಲ್ಯೂರಿನ ಕೊಕ್ಕೆ ಕತ್ತರಿಸಿ, ಮುದುಕರನ್ನು ಒಂದು ತಿರುವಿಗೆ ಕರೆದೊಯ್ದೆ. ಅಲ್ಲಿ ಒಂದು ದೊಡ್ಡ ವಿಲ್ಲೋ ಮರ ನದಿಗೆ ತಲೆಕೂದಲು ಅದ್ದಿ ನಿಂತಿತ್ತು. ಆ ಜಾಗವನ್ನು ನಾನೂ ಗೆಳೆಯನೂ ಕಂಡುಹಿಡಿದದ್ದು. ಮೂರು ಸಲ ಎಸೆದೆ, ಮೂರು ಸಲವೂ ನೀರು ಬಿರಿಯಿತು. ನಾಳೆ ಅವನು ಸೀದಾ ಇಲ್ಲಿಗೇ ಬರುತ್ತಾನೆ ಎಂದು ಗೊತ್ತಿತ್ತು. ಬಾಸ್ ಹಿಡಿಯುವವರಲ್ಲಿ ಒಂದು ಮರ್ಯಾದೆ ಇದೆ: ಜಾಗಕ್ಕೆ ಯಾರು ಮೊದಲು ಬಂದರೋ ಅದು ಅವರದು, ಹಿಂದೆ ಬಂದವರು ಕೈಯೆತ್ತಿ ಮುಂದೆ ಹೋಗಬೇಕು. ಆ ಕೈ ಎತ್ತುವುದನ್ನು ನೋಡಬೇಕೆಂಬ ಆಸೆ ನನ್ನನ್ನು ರಾತ್ರಿಯಿಡೀ ಮಗ್ಗುಲು ಬದಲಿಸುವಂತೆ ಮಾಡಿತು.

ಬೆಳಿಗ್ಗೆ ದೋಣಿಗಳನ್ನು ಬಿಟ್ಟ ಕೂಡಲೇ, "ಫಾಸ್ಟ್! ಫಾಸ್ಟ್!" ಎಂದು ಮುದುಕರ ಬೆನ್ನು ತಟ್ಟಿದೆ. ಪಾಪ, ಅವರು ನನಗೆ ಹೊಟ್ಟೆ ಸರಿಯಿಲ್ಲ ಎಂದುಕೊಂಡು ನಿಜವಾಗಿಯೂ ವೇಗವಾಗಿ ಬಿಟ್ಟರು. ವಿಲ್ಲೋ ಹತ್ತಿರ ನಾವೇ ಮೊದಲು. ಸ್ವಲ್ಪ ಹೊತ್ತಿಗೆ ಹಿಂದಿನ ತಿರುವಿನಲ್ಲಿ ನಮ್ಮ ಟಿನ್ನಿ ಕಾಣಿಸಿತು. 'ನಮ್ಮ' ಎನ್ನುವ ಅಭ್ಯಾಸ ಹೋಗಿರಲಿಲ್ಲ. ಮುಂದೆ ಗೆಳೆಯ, ಇನ್ನೊಂದು ಸೀಟಿನಲ್ಲಿ ಉಡುಪಿಯವರು, ದೇವರಮನೆಯಲ್ಲಿ ಕೂತಷ್ಟು ನೇರವಾಗಿ. ಗೆಳೆಯ ನನ್ನನ್ನು ನೋಡಿದ, ಮರವನ್ನು ನೋಡಿದ, ಕೈಯೆತ್ತಿದ, ಮುಂದೆ ಹೋದ.

ಅವನನ್ನು ನೋಡುತ್ತಲೇ ಎಸೆದೆ. ನೀರು ಸಿಡಿಯಿತು, ಕೋಲು ಎಳೆದೆ, ಖಾಲಿ. ಮತ್ತೆ ಎಸೆದೆ. ದಪ್ಪನೆಯ ಮೀನು, ಅದರ ಕಂಚಿನ ಬೆನ್ನು ಕಂಡಿತು, ಮತ್ತೆ ಖಾಲಿ. ಅವರ ದೋಣಿ ದೂರವಾಗುವವರೆಗೂ ನಾನು ಎಸೆದದ್ದೂ ಎಳೆದದ್ದೂ ಅವರ ಕಡೆಗೇ ಮುಖ ಮಾಡಿ. ನೋಡಲಿ ಎಂದು. ಕೊನೆಗೆ ಮುದುಕರು ನನ್ನ ದಾರ ಹಿಡಿದು ಲ್ಯೂರನ್ನು ಎತ್ತಿ ಕಣ್ಣಿನ ಹತ್ತಿರ ತಂದರು. ತಿರುಗಿಸಿ ನೋಡಿದರು. ನನ್ನನ್ನು ನೋಡಿದರು.

ಹಲ್ಲು ಕಿತ್ತ ಹಾವು. ನಿನ್ನೆಯ ಲ್ಯೂರನ್ನು ಬದಲಿಸುವುದನ್ನೇ ಮರೆತಿದ್ದೆ.

ಕೊಕ್ಕೆ ಇರುವುದನ್ನು ಕಟ್ಟುವ ಹೊತ್ತಿಗೆ ಮರದಡಿಯ ಮೀನುಗಳಿಗೆ ಬೆಳಗಿನ ವ್ಯಾಯಾಮ ಸಾಕಾಗಿತ್ತು. ಒಂದೂ ಬರಲಿಲ್ಲ. ಆಮೇಲೆ ಮುದುಕರು ಹಿಡಿದ ಎರಡರಿಂದ ನಾವು ಪಟ್ಟಿಯ ನಡುವೆ ಎಲ್ಲೋ ಉಳಿದೆವು. ಮೆಲ್ಬರ್ನಿನ ಜೋಡಿಗೆ ಎರಡನೆಯ ಸ್ಥಾನ. ಬಹುಮಾನದ ಟೋಪಿ ತೊಡಿಸಿ ನಿಲ್ಲಿಸಿ ಫೋಟೊ ತೆಗೆದರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಹೊಟ್ಟೆಯುರಿಯ ಚಪ್ಪಾಳೆಗೆ ಸದ್ದು ಹೆಚ್ಚು.

ಬಾರ್ಬೆಕ್ಯೂ ಹತ್ತಿರ ಮುದುಕರು ನನ್ನ ಕಥೆಯನ್ನು ಹೇಳಿಯೇಬಿಟ್ಟರು. ಕಿವುಡರ ಗುಟ್ಟು ಎಂದರೆ ಮೈಕಿನ ಘೋಷಣೆ. ಇಡೀ ನದಿದಂಡೆ ನಕ್ಕಿತು. ಆದರೆ ಅಲ್ಲಿಯ ಜನ ಹಾಗೆ, ನಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದು ತಮ್ಮ ದಡ್ಡತನವನ್ನೂ ಹೇಳಿ ಹೋದರು. ಒಬ್ಬ ದೋಣಿಯ ತಳದ ಬೂಚು ಹಾಕದೆ ನೀರಿಗಿಳಿಸಿದ್ದನಂತೆ, ಇನ್ನೊಬ್ಬ ತನ್ನ ಟೋಪಿಯನ್ನೇ ಹಿಡಿದು ಎಳೆದಿದ್ದನಂತೆ. ಯಾರೋ ನನ್ನ ಕೈಗೆ ಸಾಸೇಜ್ ಇಟ್ಟರು. ಗೆಳೆಯ ನನ್ನ ಹೆಗಲ ಮೇಲೆ ಕೈ ಹಾಕಿ, "ಇವ ನಮ್ಮವ" ಎಂದು ಎಲ್ಲರಿಗೂ ಹೇಳುತ್ತಿದ್ದ.

ಉಡುಪಿಯವರು ತಮ್ಮ ಮೊಸರನ್ನದ ಡಬ್ಬಿ ಹಿಡಿದು ಬಂದರು. "ನಿಜ ಹೇಳ್ತೇನೆ, ಇವತ್ತು ಸರಿಯಾಗಿ ಮೀನು ಹಿಡಿದದ್ದು ನೀವೊಬ್ರೇ."

ಗೇಲಿಯೋ ಎಂದು ಮುಖ ನೋಡಿದೆ. ಗೇಲಿಯಲ್ಲ. ಅದು ಇನ್ನೂ ಕಷ್ಟವಾಯಿತು.

ಮಧ್ಯಾಹ್ನ ಟೂಂಗಾಬಿಗೆ ಬಂದಮೇಲೆ ಗೆಳೆಯ ದೋಣಿ ಹೊತ್ತ ಟ್ರೇಲರನ್ನು ಕಾರಿನಿಂದ ಬಿಚ್ಚಲಿಲ್ಲ.

"ಬೋಟ್ ತಕೊಂಡು ಹೋಗ್ತೇನೆ. ಕಾಂಟ್ರಾಕ್ಟ್ ಮುಂದುವರಿಸಿದ್ದಾರೆ. ಅಲ್ಲಿ ಬೇಕಾಗ್ತದೆ."

"ತಗೊಂಡ್ ಹೋಗು. ಕಾರಿಗೆ ನೆರಳಾಗುತ್ತೆ."

ಹಿಂದೆ ನಿಂತು ಟ್ರೇಲರಿನ ದೀಪ ನೋಡಿದೆ. ಅವನು ಬ್ರೇಕ್ ಒತ್ತಿದ, ನಾನು 'ಬ್ರೇಕ್ ಓಕೆ' ಎಂದೆ. ಎಡ, ಬಲ, ಎಲ್ಲ ಓಕೆ. ಒಂದಾದರೂ ಕೆಟ್ಟಿರಬಾರದೇ ಎಂದುಕೊಂಡೆ. ಹೊರಟರು. ಕಾರ್‌ಪೋರ್ಟಿನ ನೆಲದಲ್ಲಿ ಟಯರಿನ ಎರಡು ಗುರುತು ಬಿಟ್ಟರೆ ಏನೂ ಇರಲಿಲ್ಲ. ಕಾರನ್ನು ತಂದು ಅಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಬದಲಿಗೆ ಅಲ್ಲಿಯೇ ನಿಂತು ಮುದುಕರಿಗೆ ಫೋನ್ ಹಚ್ಚಿದೆ.

"ಮುಂದಿನ ಸೀಸನ್! ನೀವು! ನಾನು!" ಎಂದು ಇಂಗ್ಲಿಷಿನಲ್ಲಿ ಅರಚಿದೆ.

"ಯಾರಿದು?"

ಹೇಳಿದೆ. ಮತ್ತೆ "ಯಾರಿದು?" ಎಂದರು. ಎದುರು ಮನೆಯ ಗುಜರಾತಿ ಅಂಕಲ್ ಕಿಟಕಿ ತೆರೆದು, ಜಗಳವೇ ಎಂದು ನೋಡಿದರು. ಕೊನೆಗೆ "ಕೊಕ್ಕೆ ಇಲ್ಲದವನು!" ಎಂದೆ. "ಓ, ನೀನಾ!" ಎಂದು ನಕ್ಕು, ಬಾ ಎಂದರು.

ಫೋನ್ ಇಟ್ಟ ಕೂಡಲೇ ಅದು ಹೊಡೆದುಕೊಂಡಿತು. ಗೆಳೆಯ. ಹೈವೇ ಹತ್ತುವ ಮೊದಲು ಪೆಟ್ರೋಲ್ ಹಾಕಿಸಲು ನಿಂತಿದ್ದನಂತೆ.

"ಅಷ್ಟು ಹೊತ್ತಿಂದ ಎಂಗೇಜ್. ಯಾರ ಹತ್ರ ಮಾತಾಡ್ತಿದ್ದೆ?"

"ನಮ್ಮ ಪಾರ್ಟ್ನರ್ ಹತ್ರ. ಮುಂದಿನ ಸೀಸನ್ ಪ್ಲಾನ್ ಮಾಡ್ತಿದ್ವಿ."

"ಆ ಕಿವುಡನಾ? ಮುಂದಿನ ಸೀಸನ್ನಿಗೂ? ಅವನಿಗೆ ಎಂತ ಗೊತ್ತುಂಟು ಬಾಸ್ ಅಂದ್ರೆ? ನಿನ್ನ ತಮಾಷೆ ಒಂದಾದ್ರೂ ಕೇಳ್ತದಾ ಅವನಿಗೆ?"

ಎಷ್ಟೋ ತಿಂಗಳು ನನ್ನ ಗಂಟಲಲ್ಲಿದ್ದ ಹೊಟ್ಟೆಯುರಿಯ ದನಿ ಅದು. ಗುರುತು ಹಿಡಿಯಲು ಹೊತ್ತೇನೂ ಬೇಕಾಗಲಿಲ್ಲ. "ಅವರು ಗಂಟು ಹಾಕೋದು ನೋಡ್ಬೇಕು ಗುರು ನೀನು" ಎಂದು ಶುರುಮಾಡಿದೆ.