ದೀಡ ತಾಸಿಗೆ ಬೆಂಗಳೂರು

ಕಲಬುರಗಿಗೆ ವಿಮಾನ ಬಂದು ಎರಡು ವರ್ಷವಾಗಿತ್ತು. ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಅಂಗಡಿಯಲ್ಲಿ ಹದಿನೆಂಟು ವರ್ಷ ಬಸ್ಸು, ರೈಲಿನ ಟಿಕೆಟ್ ಮಾಡಿಕೊಟ್ಟಿದ್ದ ನಾನು ವಿಮಾನದ ಟಿಕೆಟ್ಟನ್ನೂ ಮಾಡತೊಡಗಿದ್ದೆ. ಇಲ್ಲಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು ನಾಲ್ಕುನೂರ ಅರವತ್ತು ಕಿಲೋಮೀಟರ್. ವಿಮಾನ ಇಲ್ಲಿ ಕದಲಿದಾಗಿನಿಂದ ಅಲ್ಲಿ ನಿಲ್ಲುವವರೆಗಿನ ಹೊತ್ತಿಗೆ ಬ್ಲಾಕ್ ಟೈಮ್ ಎನ್ನುತ್ತಾರೆ. ಅದು ಒಂದೂಕಾಲು ತಾಸು. ಇಳಿದು ಹೊರಬರುವುದನ್ನೂ ಸೇರಿಸಿ ನಾನು ಎಲ್ಲರಿಗೂ ‘ದೀಡ ತಾಸು’, ಅಂದರೆ ಒಂದೂವರೆ ತಾಸು, ಎನ್ನುತ್ತಿದ್ದೆ. ವಿಮಾನ ನನ್ನ ಸ್ವಂತದ್ದೇ ಎಂಬಷ್ಟು ಜಂಬ ಆ ಮಾತಿನಲ್ಲಿರುತ್ತಿತ್ತು.

ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಹತ್ತಿರದ ಕಮಲಾಪುರದಿಂದ ಜಗದೇವಿ ಎಂಬವರು ಫೋನ್ ಮಾಡಿದರು. ಅವರ ತಮ್ಮ ಬಸವರಾಜ ಶಾಲಾ ಮಾಸ್ತರರು. ಎರಡೂ ಕಿಡ್ನಿ ಕೆಟ್ಟು ಮೂರು ವರ್ಷದಿಂದ ಡಯಾಲಿಸಿಸ್ ಮೇಲಿದ್ದರು. ಬೆಂಗಳೂರಿನ ಆಸ್ಪತ್ರೆಯೊಂದರಿಂದ ಆಗಷ್ಟೇ ಕರೆ ಬಂದಿತ್ತು. ಮೃತರೊಬ್ಬರ ಕಿಡ್ನಿ ಸಿಕ್ಕಿದೆ, ಎಷ್ಟು ಹೊತ್ತಿಗೆ ಬಂದಿಳಿಯುತ್ತೀರಿ ಎಂದು ಆಸ್ಪತ್ರೆಯವರು ತಮ್ಮನ ಫೋನಿನಲ್ಲಿ ಕಾಯುತ್ತಿದ್ದರು. ಜಗದೇವಿಯವರ ಒಂದು ಕಿವಿಗೆ ಆಸ್ಪತ್ರೆ, ಇನ್ನೊಂದು ಕಿವಿಗೆ ನಾನು.

“ಅಣ್ಣಾರ, ಇವತ್ತಿನ ವಿಮಾನ ಬೆಂಗಳೂರಿಗಿ ಎಷ್ಟು ತಾಸಿಗಿ ಮುಟ್ಟತದ್ರಿ?”

“ದೀಡ ತಾಸಿಗಿ ಮುಟ್ಟತದ್ರಿ ಅಕ್ಕಾರ. ಲಗೂನ ಹೊಂಡಸ್ರಿ, ಟಿಕೆಟ್ ತಮ್ಮನ ಫೋನಿಗಿ ಕಳಿಸ್ತೀನಿ.”

ವಿಮಾನ ಹೊರಡುವುದೇ ಎರಡು ಗಂಟೆಗೆ. ನಾನು ಹೇಳಿದ್ದು ಪ್ರಯಾಣದ ಅವಧಿ, ಅವರು ಕೇಳಿದ್ದು ಗಡಿಯಾರದ ಹೊತ್ತು. ನಮ್ಮ ಕಡೆ ಎರಡಕ್ಕೂ ತಾಸೇ; ‘ದೀಡ ತಾಸಿಗಿ’ ಎಂದರೆ ಒಂದೂವರೆ ಗಂಟೆಗೆ ಎಂದೂ ಆಗುತ್ತದೆ. ಜಗದೇವಿ ಆಸ್ಪತ್ರೆಯವರಿಗೆ ಮಧ್ಯಾಹ್ನ ಒಂದೂವರೆ ಎಂದು ಹೇಳಿಬಿಟ್ಟರು. ಟಿಕೆಟ್‌ನಲ್ಲಿ ಸಮಯ ಸರಿಯಾಗಿಯೇ ಇತ್ತು. ಆದರೆ ಗಡಿಬಿಡಿಯಲ್ಲಿ ಹೆಂಡತಿಯೊಂದಿಗೆ ಹೊರಟ ಬಸವರಾಜರಿಗೆ ಅಕ್ಕ ಹೇಳಿದ್ದೇನೆಂಬುದು ಗೊತ್ತಿರಲಿಲ್ಲ.

ಆಸ್ಪತ್ರೆಯವರು ಎರಡರಿಂದ ಮೂರರವರೆಗೆ ಫೋನ್ ಮಾಡಿದರಂತೆ. ಅವರ ಬಳಿ ಇದ್ದದ್ದು ಬಸವರಾಜರ ನಂಬರ್ ಒಂದೇ, ಅದು ಆಕಾಶದಲ್ಲಿ ಸ್ವಿಚ್ ಆಫ್ ಆಗಿತ್ತು. ರೋಗಿ ಬರಲಾರರು ಎಂದುಕೊಂಡು ಪಟ್ಟಿಯಲ್ಲಿದ್ದ ಮುಂದಿನವರನ್ನು ಕರೆದರು.

ಮೂರೂವರೆಗೆ ಬಸವರಾಜ ನನಗೆ ಫೋನ್ ಮಾಡಿದರು. “ಅಣ್ಣಾರ, ನಾವು ಈಗ ಇಳದೀವಿ. ಕಿಡ್ನಿ ಬ್ಯಾರೆಯವರಿಗಿ ಕೊಟ್ಟಾರಂತ. ನಾವು ದೀಡಕ್ಕ ಬರ್ತೀವಂತ ಯಾರು ಹೇಳ್ಯಾರ್ರಿ?”

ಹೇಳಿದವನು ನಾನೇ ಎನ್ನಲು ಆಗ ಬಾಯಿ ಬರಲಿಲ್ಲ. ಆ ಹೇಡಿತನಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ವಾರದ ಮೇಲೆ ಬಸವರಾಜ ಡಯಾಲಿಸಿಸ್ ಮುಗಿಸಿಕೊಂಡು ಅಂಗಡಿಗೇ ಬಂದರು. ಜಗಳಕ್ಕಲ್ಲ. “ಅಕ್ಕ ತನ್ನದೇ ತಪ್ಪಂತ ಊಟ ಬಿಟ್ಟಾಳ್ರಿ. ನಾ ಹೇಳಿದ್ರ ಕೇಳವಲ್ಲಳು. ನೀವೊಮ್ಮಿ ಬರ್ರಿ.”

ಅಂದೇ ಅವರೊಂದಿಗೆ ಕಮಲಾಪುರದ ಬಸ್ಸು ಹತ್ತಿದೆ. ಅಂದಿನಿಂದ ನಾನು ಯಾರಿಗೂ ಇಷ್ಟು ತಾಸು ಎಂದು ಹೇಳಿ ಫೋನ್ ಇಟ್ಟವನಲ್ಲ. ಹೊರಡುವ ಗಂಟೆ, ಇಳಿಯುವ ಗಂಟೆ ಎರಡನ್ನೂ ಹೇಳಿ, ಅವರ ಬಾಯಿಂದ ಮತ್ತೊಮ್ಮೆ ಹೇಳಿಸಿಕೊಳ್ಳುತ್ತೇನೆ. ಕೆಲವರು ನಗುತ್ತಾರೆ, ನಗಲಿ.

ಅಂದು ಅವರ ಮನೆಯಲ್ಲಿ ಜಗದೇವಿ ನೆಲ ನೋಡುತ್ತ ಕೂತಿದ್ದರು. “ಅಕ್ಕಾರ, ತಪ್ಪು ನಂದು. ಎರಡಕ್ಕ ಹೊಂಡತದ ಅಂತ ನಾ ಹೇಳಬೇಕಿತ್ತು,” ಎಂದೆ. ಅವರು ಒಂದೇ ಮಾತು ಕೇಳಿದರು.

“ಮತ್ತ ಯಾವಾಗ ಕರೀತಾರ್ರಿ?”

ಹೊತ್ತು ಹೇಳುವುದೇ ಕಸುಬಾಗಿದ್ದ ನಾನು, “ಗೊತ್ತಿಲ್ರಿ ಅಕ್ಕಾರ,” ಎಂದೆ.