ತುಟಿಯ ಮೇಲಿನ ಜೋನಿಬೆಲ್ಲ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಮೊದಲು ನಾನು ನಕ್ಕುಬಿಡುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎಂದು ಮಕ್ಕಳಿಗೆ ಈಗಲೂ ಹೇಳುತ್ತೇನೆ. ಆದರೆ ಆ ಮಧ್ಯಾಹ್ನಕ್ಕೆ ಮಾತ್ರ ನನಗೆ ಕಾರಣ ಸಿಕ್ಕಿಲ್ಲ.

ಆಗ ನನಗೆ ಏಳು ತಿಂಗಳು. ಸಕ್ಕರೆ ಕಾಯಿಲೆ ಮದುವೆಗೆ ಮೊದಲೇ ಅಂಟಿಕೊಂಡಿತ್ತು. ಮದುವೆಯಾದ ಮೇಲೆ ಎರಡು ಬಸಿರು ನಿಲ್ಲದೆ ಹೋಗಿದ್ದವು. ಊಟಕ್ಕೆ ಮೊದಲು ಇನ್ಸುಲಿನ್, ಆಮೇಲೆ ಬೆರಳು ಚುಚ್ಚಿ ರಕ್ತ ನೋಡುವುದು, ಅಳೆದು ಬಡಿಸಿದ ಅನ್ನ, ಹೀಗೆ ದಿನ ದೂಡುತ್ತಿದ್ದೆ. ಮಿರ್ಜಾನದ ನಮ್ಮ ಮನೆಯಿಂದ ಅತ್ತೆ ಸಕ್ಕರೆ, ಬೆಲ್ಲ ಎಲ್ಲವನ್ನೂ ನಾದಿನಿಯ ಮನೆಗೆ ಸಾಗಿಸಿಬಿಟ್ಟಿದ್ದರು. ಶುಗರ್ ಒಮ್ಮೆಲೇ ಇಳಿದರೆ ಬೇಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದ ಗ್ಲುಕೋಸ್ ಪೊಟ್ಟಣವೊಂದು ಮಾತ್ರ ಕಪಾಟಿನಲ್ಲಿತ್ತು.

ಆ ದಿನ ಅತ್ತೆ ಹೊನ್ನಾವರಕ್ಕೆ ಹೋಗಿದ್ದರು, ಇವರು ಕೆಲಸಕ್ಕೆ. ಎರಡೂ ಬಾಗಿಲಿಗೆ ಚಿಲಕ ಹಾಕಿ, ಇನ್ಸುಲಿನ್ ಚುಚ್ಚಿಕೊಂಡು ಊಟಕ್ಕೆ ಕೂತೆ. ಎರಡು ತುತ್ತಿಗೇ ವಾಂತಿಯಾಯಿತು. ಸ್ವಲ್ಪ ತಡೆದು ತಿಂದರಾಯಿತು ಎಂದು ಚಾಪೆಯ ಮೇಲೆ ಒರಗಿದೆ.

ಮೈಯೆಲ್ಲ ಬೆವರು. ಏಳಬೇಕೆಂದು ಗೊತ್ತು, ಕೈ ಮಾತ್ರ ನನ್ನದಲ್ಲ. ಆಮೇಲೆ ನಾನು ದೋಣಿಯಲ್ಲಿದ್ದೆ. ಅಘನಾಶಿನಿಯ ನೀರು ಬೆಳ್ಳಗೆ, ದಡವೇ ಇಲ್ಲದಂತೆ ಹರಡಿತ್ತು. ಹುಟ್ಟು ಹಾಕುತ್ತಿದ್ದವಳು ಒಬ್ಬಳು ಹೆಂಗಸು. ಹುಟ್ಟು ನೀರಿಗೆ ಬಿದ್ದರೂ ಸಪ್ಪಳವಿಲ್ಲ. ಎಷ್ಟು ಹಿತವಾಗಿತ್ತೆಂದರೆ, ಹೀಗೇ ಹೋಗುತ್ತಿರಲಿ ಅನ್ನಿಸಿತು. ಅವಳು ತಟ್ಟನೆ ಹುಟ್ಟು ಕೆಳಗಿಟ್ಟು ನನ್ನ ಹತ್ತಿರ ಬಂದಳು.

"ಮಲಗ್ಬೇಡ ತಂಗಿ. ನೆಕ್ಕು."

ಬಾಯಿಗೆ ಬೆರಳಿಟ್ಟಳು. ಹೊಳೆಯ ಕೆಸರಿನಲ್ಲಿ ಬಳಚು ಚಿಪ್ಪು ಆರಿಸುವ ಹೆಂಗಸರ ಬೆರಳಿನಂತೆ ಒರಟು, ಅದರ ತುಂಬ ಸಿಹಿ. ನೆಕ್ಕಿದೆ. ಮತ್ತೆ ಇಟ್ಟಳು. "ಇನ್ನೂ ಸ್ವಲ್ಪ. ಆತು, ಆತು."

ಬಾಗಿಲು ಬಡಿಯುವ ಸದ್ದಿಗೆ ಎಚ್ಚರವಾಯಿತು. ಗೋಡೆ ಹಿಡಿದುಕೊಂಡು ಹೋಗಿ ಚಿಲಕ ತೆಗೆದೆ. ಅತ್ತೆ ನನ್ನ ಮುಖ ನೋಡಿ ಚೀಲ ಕೆಳಗೆ ಹಾಕಿದರು.

"ಎಂತ ಆತೇ ನಿಂಗೆ? ಬಾಯಿಗೆ ಎಂತ ಅದು?"

ಮುಟ್ಟಿ ನೋಡಿಕೊಂಡೆ. ಜೋನಿಬೆಲ್ಲ, ನಮ್ಮ ಕಡೆಯ ನೀರುಬೆಲ್ಲ. ತುಟಿಯಿಂದ ಗಲ್ಲದವರೆಗೆ ಇಳಿದು ಅಂಟಂಟಾಗಿತ್ತು. ಅತ್ತೆ ನನ್ನ ಬೆರಳು ಚುಚ್ಚಿ ನೋಡಿದರು: ಶುಗರ್ ಕಡಿಮೆಯೇ ಇತ್ತು. ಗ್ಲುಕೋಸ್ ಕಲಸಿ ಕುಡಿಸಲು ಕಪಾಟು ತೆಗೆದರೆ, ಪೊಟ್ಟಣ ಒಡೆಯದೆ ಹಾಗೇ ಇತ್ತು. ಹೊಟ್ಟೆಯಲ್ಲಿ ಮಗು ಮಿಸುಕಾಡುತ್ತಿರಲಿಲ್ಲ. ಆಟೋದಲ್ಲಿ ಕುಮಟೆಗೆ ಹೋಗುವಾಗ ಅತ್ತೆ ನನ್ನ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ದಾರಿಯಲ್ಲಿ ಮಗು ಒಮ್ಮೆ ಒದೆಯಿತು. ಇಬ್ಬರೂ ಅತ್ತೆವು.

ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳಿಸಿ, "ಹೊಟ್ಟೆಗೆ ಏನೋ ಸಿಹಿ ಬಿದ್ದಿದ್ದಕ್ಕೆ ಇಬ್ರೂ ಉಳಿದ್ರಿ. ನೀವೇ ಎದ್ದು ತಿಂದಿರ್ತೀರಿ. ಶುಗರ್ ಇಳಿದಾಗ ಮಾಡಿದ್ದು ನೆನಪಿರಲ್ಲ" ಎಂದರು.

ಅದನ್ನೇ ನಂಬಬೇಕೆಂದು ನನಗೂ ಆಸೆ. ಆದರೆ ಮನೆಯಲ್ಲಿ ಜೋನಿಬೆಲ್ಲ ಇರಲಿಲ್ಲ. ಅತ್ತೆ ಮೂಲೆ ಮೂಲೆ ಹುಡುಕಿದರು. ಎಂಜಲು ಚಮಚವಿಲ್ಲ, ಬಟ್ಟಲಿಲ್ಲ, ನನ್ನ ಬೆರಳುಗಳಲ್ಲಿ ಅಂಟೂ ಇರಲಿಲ್ಲ. ಹಿತ್ತಲ ಬಾಗಿಲ ಚಿಲಕ ಹಾಕಿದಂತೇ ಇತ್ತು. ಆ ಹೆಂಗಸಿನ ಚಹರೆ ಹೇಳಿದೆ. ಅಂಥವರನ್ನು ಅತ್ತೆ ಕಂಡಿರಲಿಲ್ಲ, ಕೇರಿಯವರೂ ಕಂಡಿರಲಿಲ್ಲ.

ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಹೊಳೆದಂಡೆಯಲ್ಲಿ ಬಳಚು ಆರಿಸುವ ಹೆಂಗಸರು ಕಂಡರೆ ಅವಳನ್ನು ಎತ್ತಿಕೊಂಡು ನಿಲ್ಲುತ್ತೇನೆ, ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆ. ಅವರು ನಕ್ಕು ಮಗುವನ್ನು ಮಾತಾಡಿಸುತ್ತಾರೆ. ಯಾರಿಗೆ ಕೃತಜ್ಞತೆ ಹೇಳಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.